ಬಿಳಿ ಬಿಲ್ಲೆಗೆ ಇಟ್ಟ ಕುಂಕುಮ

ಸುಗಟೂರು

1959ರಲ್ಲಿ, ಏಳನೇ ಕ್ಲಾಸಿನ ಪರೀಕ್ಷೆಗೆ ಇನ್ನು ಮೂರು ವಾರ ಇರುವಾಗ, ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ನಮ್ಮಪ್ಪ ಸುಗಟೂರಿನಲ್ಲಿ ಒಂದಿಷ್ಟು ತರಕಾರಿ ಬೆಳೆಯುತ್ತ, ಹಬ್ಬದ ತಿಂಗಳುಗಳಲ್ಲಿ ಕೋಲಾರದ ಮನೆಗಳಿಗೆ ಸುಣ್ಣ ಹೊಡೆಯುತ್ತಿದ್ದ. ಒಂದು ದಿನ ಅವನ ಜೊತೆ ಹೋಗಿ ನಾನೂ ಕುಂಚ ಹಿಡಿದೆ. ಬೆಳಗ್ಗೆ ಬೂದಿಬಣ್ಣಕ್ಕಿದ್ದ ಗೋಡೆ ಸಂಜೆಗೆ ಒಣಗಿ ಬೆಳ್ಳಗಾಯಿತು. ಕೆಲಸ ಅಂದರೆ ಹೀಗಿರಬೇಕು, ಮಾಡಿದ್ದು ಅವತ್ತೇ ಕಣ್ಣಿಗೆ ಕಾಣಬೇಕು ಅನ್ನಿಸಿತು. ಆಮೇಲೆ ಶಾಲೆಯ ಕಡೆ ತಲೆ ಹಾಕಲಿಲ್ಲ.

ಏಳು ವರ್ಷ ಸುಣ್ಣ ಹೊಡೆದೆ. ಆ ಏಳು ವರ್ಷದಲ್ಲಿ ಕಲಿತದ್ದು ಎರಡು ಸಂಗತಿ. ಗೋಡೆಯನ್ನು ಎದುರಿಗೆ ನಿಂತು ನೋಡಬಾರದು; ಪಕ್ಕದಿಂದ ಬೆಳಕು ಬೀಳುವಾಗ ಓರೆಯಾಗಿ ನೋಡಬೇಕು, ಆಗ ಕಳ್ಳತನವೆಲ್ಲ ಬಯಲಾಗುತ್ತದೆ. ಇನ್ನೊಂದು, ಬಿಳಿ ಎಂಬುದು ಒಂಟಿಯಾಗಿ ಇರುವುದಿಲ್ಲ. ಪಕ್ಕದ ಗೋಡೆ ಎಷ್ಟು ಬಿಳಿ ಎನ್ನುವುದರ ಮೇಲೆ ಈ ಗೋಡೆ ಎಷ್ಟು ಬಿಳಿ ಎಂದು ಜನ ಹೇಳುತ್ತಾರೆ.

ಕೋಲಾರದ ಹೊರಗೆ ಹಿಪ್ಪುನೇರಳೆ ಸೊಪ್ಪನ್ನು ಪರೀಕ್ಷೆ ಮಾಡುವ ಸಣ್ಣ ಪ್ರಯೋಗಾಲಯವೊಂದಿತ್ತು. ಅಲ್ಲಿಗೆ ಸುಣ್ಣ ಹೊಡೆಯಲು ಹೋದವನು ಅಲ್ಲೇ ಉಳಿದುಬಿಟ್ಟೆ. ಅಲ್ಲಿನ ಮುಖ್ಯಸ್ಥೆ ಸುಭದ್ರಾ ಮೇಡಂ ನನ್ನ ಗೋಡೆಯನ್ನು ಕೈಯಿಂದ ಸವರಿ ನೋಡಿ, "ಮುನಿಶಾಮಪ್ಪ, ಇಷ್ಟಗಲದ ಗಾಜಿಗೂ ಹೀಗೇ ಬಳಿಯೋಕಾಗುತ್ತಾ?" ಎಂದು ಕೇಳಿದರು.

"ಗಾಜು ಅಂದ್ರೂ ಸಣ್ಣ ಗೋಡೆ ತಾನೆ ಮೇಡಂ" ಅಂದೆ. ಅಷ್ಟೇ ನನ್ನ ಇಂಟರ್‌ವ್ಯೂ.

ಕೆಲಸ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗಾಜಿನ ಪ್ಲೇಟಿಗೆ ಬಿಳಿ ಪುಡಿಯನ್ನು ತೆಳ್ಳಗೆ ಲೇಪಿಸಿ ಒಣಗಿಸಬೇಕು. ಸೊಪ್ಪಿನ ರಸದ ಒಂದು ಹನಿಯನ್ನು ಅದರ ಬುಡದಲ್ಲಿಟ್ಟು, ಪ್ಲೇಟನ್ನು ದ್ರಾವಣದಲ್ಲಿ ನಿಲ್ಲಿಸಬೇಕು. ಬತ್ತಿಗೆ ಎಣ್ಣೆ ಏರಿದಂತೆ ದ್ರಾವಣ ಮೇಲೇರುತ್ತ, ರಸದೊಳಗಿನ ಅಮೈನೊ ಆಮ್ಲಗಳನ್ನು ಎಳೆದುಕೊಂಡು ಹೋಗುತ್ತದೆ. ಕೆಲವು ಮುಂದೆ ಓಡುತ್ತವೆ, ಕೆಲವು ಹಿಂದೆ ಉಳಿಯುತ್ತವೆ. ಆಮೇಲೆ ನಿನ್‌ಹೈಡ್ರಿನ್ ಎಂಬ ಔಷಧಿ ಸಿಂಪಡಿಸಿ ಬಿಸಿ ಮಾಡಿದರೆ, ಒಂದೊಂದು ನಿಂತಲ್ಲೂ ನೇರಳೆ ಚುಕ್ಕೆ ಏಳುತ್ತದೆ. ಇದಕ್ಕೆ ಕ್ರೊಮಟೋಗ್ರಫಿ ಎನ್ನುತ್ತಾರೆ. ಚುಕ್ಕೆ ಗಾಢವಾದಷ್ಟೂ ಆಮ್ಲ ಹೆಚ್ಚು. ಮಾಲೂರಿನ ತೋಟದ ಸೊಪ್ಪಿನಲ್ಲಿ ಏನು ಕಡಿಮೆ, ಶ್ರೀನಿವಾಸಪುರದ್ದರಲ್ಲಿ ಏನು ಹೆಚ್ಚು ಎಂದು ನಾನು ಚುಕ್ಕೆ ನೋಡಿ ಹೇಳುತ್ತಿದ್ದೆ. ನನ್ನ ಕಣ್ಣಳತೆ ತಪ್ಪುತ್ತಿರಲಿಲ್ಲ. ಆದರೆ ಮೇಡಂ ಬರೆಯುವ ವರದಿಯಲ್ಲಿ "ಮುನಿಶಾಮಪ್ಪನ ಕಣ್ಣಿನ ಪ್ರಕಾರ" ಎಂದು ಬರೆಯಲು ಆಗುತ್ತದೆಯೇ?

1980ರಲ್ಲಿ ಹಂಗೇರಿ ದೇಶದ ಒಂದು ಪ್ರಯೋಗಾಲಯದವರು ತಮ್ಮ ಹಳೆಯ ಯಂತ್ರವೊಂದನ್ನು ನಮಗೆ ಕೊಡಲು ಒಪ್ಪಿದರು. ಅದು ಚುಕ್ಕೆಯ ಮೇಲೆ ಬೆಳಕು ಬಿಟ್ಟು, ಅದರಲ್ಲಿ ವಾಪಸ್ಸು ಬಂದದ್ದೆಷ್ಟು ಎಂದು ಅಳೆಯುತ್ತದೆ. ಬಿಳಿ ಜಾಗ ಬೆಳಕನ್ನು ಹಿಂದಿರುಗಿಸುತ್ತದೆ, ಚುಕ್ಕೆ ನುಂಗಿಕೊಳ್ಳುತ್ತದೆ. ನುಂಗಿದ್ದನ್ನು ಒಂದು ಪೆನ್ನು ಉದ್ದ ಕಾಗದದ ಮೇಲೆ ಬೆಟ್ಟದಂತೆ ಬರೆಯುತ್ತದೆ. ಆದರೆ ಒಂದು ಷರತ್ತು. ನಮ್ಮವರೊಬ್ಬರು ಹೋಗಿ ಆರು ವಾರ ಕಲಿಯಬೇಕು. ಇವನು ಒಬ್ಬನೇ ಯಂತ್ರ ನಡೆಸಬಲ್ಲ ಎಂದು ಅಲ್ಲಿನ ಮುಖ್ಯಸ್ಥರು ಕಾಗದ ಬರೆದುಕೊಟ್ಟರೆ ಮಾತ್ರ ಯಂತ್ರ ಕೋಲಾರಕ್ಕೆ. ಇಲ್ಲದಿದ್ದರೆ ಬೇರೆ ರಾಜ್ಯಕ್ಕೆ.

ಮೇಡಂ ನನ್ನ ಹೆಸರು ಬರೆದರು. ಆಫೀಸಿನ ಗುಮಾಸ್ತ ನಂಜಪ್ಪ ಕನ್ನಡಕ ಮೂಗಿನ ತುದಿಗೆ ಇಳಿಸಿ, "ಏನ್ಲಾ ಮುನಿಶಾಮಿ, ಬಿಯೆಸ್ಸಿ ಮಾಡ್ದೋರು ಇಲ್ಲೇ ಕೂತವ್ರೆ, ಏಳನೇ ಕ್ಲಾಸ್ನೋನು ಏರೋಪ್ಲೇನ್ ಹತ್ತವ್ನೆ" ಅಂದ.

"ಏಳೂ ಆಗಿಲ್ಲ ಕಣೋ, ಆರು" ಅಂದೆ. "ನೀನು ಕೋಲಾರದ್ ಬಸ್ಸಿಗೇ ಓಡ್ ಬಂದು ತಪ್ಪಿಸ್ಕೊಂತೀಯ. ನಿನ್ನ ಕಳ್ಸುದ್ರೆ ಏರೋಪ್ಲೇನ್ ಕಾಯುತ್ತಾ?"

ಮೇಡಂ ನಗಲಿಲ್ಲ. "ಆ ಕಾಗದ ತಗೊಂಡೇ ಬಾ ಮುನಿಶಾಮಪ್ಪ. ತರದಿದ್ರೆ ಮಿಷಿನ್ನು ಬೇರೆ ಕಡೆ ಹೋಗುತ್ತೆ, ನೀನು ಬಾಟ್ಲಿ ತೊಳೆಯೋಕೆ ಹೋಗ್ತೀಯ, ನಾನು ಎಲ್ಲರ ಮುಂದೆ ತಲೆ ತಗ್ಗಿಸ್ತೀನಿ" ಅಂದರು.

ನನ್ನ ಹೆಂಡತಿ ರತ್ನಮ್ಮ ಮುಳಬಾಗಿಲಿನ ಕಡೆಯವಳು. ಕುರುಡುಮಲೆ ಗಣಪನ ಪಾದದ ಕುಂಕುಮವನ್ನು ಒಂದು ಡಬ್ಬಿಗೆ ತುಂಬಿ ಕೊಟ್ಟಳು. "ಆಯುಧಪೂಜೆಗೆ ನೀವು ಅಲ್ಲೇ ಇರ್ತೀರ. ಆ ಮಿಷಿನ್ಗೆ ಒಂದು ಬೊಟ್ಟು ಇಡೋದ್ ಮರೀಬೇಡಿ. ಸೈಕಲ್ಲಿಗೇ ಇಡ್ತೀವಿ, ಅಷ್ಟ್ ದೂರ ಹೋಗಿ ಕಲಿಯೋ ಮಿಷಿನ್ಗೆ ಇಡದಿದ್ರೆ ಅದು ಮನಸ್ಸು ಮಾಡುತ್ತಾ?" ಅಂದಳು.

ಬುಡಾಪೆಸ್ಟ್‌, ಸುಂಕದ ಕಟ್ಟೆ

ನಾವು ಲೇಪಿಸಿದ ಪ್ಲೇಟು ಆ ಯಂತ್ರಕ್ಕೆ ಒಗ್ಗುತ್ತದೋ ಇಲ್ಲವೋ ನೋಡಬೇಕೆಂದು ಮೇಡಂ ಹನ್ನೆರಡು ಪ್ಲೇಟುಗಳನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು ನನ್ನ ಕೈಗೆ ಕೊಟ್ಟಿದ್ದರು. ವಿಮಾನದಲ್ಲಿ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಊಟ ಕೊಟ್ಟಾಗ ಅದರ ಮೇಲೇ ತಟ್ಟೆ ಇಟ್ಟುಕೊಂಡೆ.

ಬುಡಾಪೆಸ್ಟಿನಲ್ಲಿ ಇಳಿದಾಗ ದಪ್ಪ ಮೀಸೆಯ ಅಧಿಕಾರಿಯೊಬ್ಬ ಪೆಟ್ಟಿಗೆ ತೆರೆಸಿದ. ಬಿಳಿ ಪುಡಿ ಕಂಡದ್ದೇ ಅವನ ಹುಬ್ಬು ಮೇಲೇರಿತು. ಏನಿದು ಎಂದ. "ಪ್ಲೇಟು" ಅಂದೆ. ತಿನ್ನುವುದೋ ಎಂದು ಬಾಯಿಗೆ ಕೈ ತೋರಿಸಿದ. ಅಲ್ಲ ಎಂದು ತಲೆಯಾಡಿಸಿದೆ. ಅವನು ಮೇಲಿನ ಪ್ಲೇಟಿನ ಮೇಲೆ ಮೂರು ಬೆರಳು ಒತ್ತಿ, ಮೂಸಿ, ನಾಲಿಗೆಯ ತುದಿಗೆ ಮುಟ್ಟಿಸಿ, ಮುಖ ಹುಳ್ಳಗೆ ಮಾಡಿ, ಹೋಗು ಎಂದ. ನಮ್ಮೂರಿನಲ್ಲಿ ಹೊಸದಾಗಿ ಸುಣ್ಣ ಹೊಡೆದ ಗೋಡೆ ಕಂಡರೆ ಯಾರಾದರೂ ಬಂದು ಬೆರಳು ಒತ್ತಿ ನೋಡಿಯೇ ನೋಡುತ್ತಾರೆ. ಈ ಚಟ ನಮ್ಮವರಿಗೆ ಮಾತ್ರ ಅಂದುಕೊಂಡಿದ್ದೆ.

ಸೆಗೆಡ್‌

ನಾನು ಕಲಿಯಬೇಕಿದ್ದ ಪ್ರಯೋಗಾಲಯ ಸೆಗೆಡ್ ಎಂಬ ಊರಿನಲ್ಲಿತ್ತು. ಯಂತ್ರದ ಉಸ್ತುವಾರಿ ಐವತ್ತರ ಹತ್ತಿರದ ಇಲೋನಾ ಎಂಬ ಹೆಂಗಸಿನದು. ಅವರ ಇಂಗ್ಲಿಷು ನನ್ನ ಇಂಗ್ಲಿಷಿನಷ್ಟೇ ಇತ್ತು. ಹಾಗಾಗಿ ಇಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಸಲೀಸಾಗಿ ತಿಳಿಯುತ್ತಿತ್ತು. ಇಬ್ಬರಿಗೂ ತಿಳಿಯದಿದ್ದದ್ದು ಮುಖ್ಯಸ್ಥರ ಇಂಗ್ಲಿಷು. ಅವರು ಎತ್ತರದ ಆಳು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವರನ್ನು ನಾನು ಮನಸ್ಸಿನಲ್ಲಿ ದೊಡ್ಡವರು ಎಂದು ಕರೆದೆ.

ಇಲೋನಾ ಅವರನ್ನು ಬರಿ ಹೆಸರು ಹಿಡಿದು ಕರೆಯಲು ಬಾಯಿ ಬರಲಿಲ್ಲ. ಇಲೋನಮ್ಮ ಅಂದೆ. ಅಮ್ಮ ಅಂದರೇನು ಎಂದು ಕೇಳಿ ತಿಳಿದುಕೊಂಡು, ಆವತ್ತಿನಿಂದ ಬೇರೆಯವರಿಗೂ ಹಾಗೇ ಕರೆಯಿರಿ ಎಂದು ಹೇಳಿದರು. ಅಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ನಮ್ಮ ಕಡೆ ಊರು, ಅಪ್ಪ, ಆಮೇಲೆ ನಾನು. ಎಸ್‌. ಎಂ. ಮುನಿಶಾಮಪ್ಪ ಎಂಬುದನ್ನು ಅಲ್ಲಿ ಯಾರಿಗೂ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಮೊದಲ ದಿನವೇ, ಕೋಲಾರದಲ್ಲೇ ಸೊಪ್ಪಿನ ರಸ ಏರಿಸಿ ತಂದಿದ್ದ ನನ್ನ ಪ್ಲೇಟಿಗೆ ಔಷಧಿ ಸಿಂಪಡಿಸಿ ಬಿಸಿ ಮಾಡಿದರು. ಚುಕ್ಕೆಗಳು ಎದ್ದವು. ಚುಕ್ಕೆಗಳ ಪಕ್ಕದಲ್ಲಿ, ಗೆರೆಗೆರೆಯಾಗಿ, ಮೂರು ದೊಡ್ಡ ಬೆರಳಿನ ಗುರುತೂ ನೇರಳೆಯಾಗಿ ಎದ್ದಿತು. ಬೆವರಿನಲ್ಲೂ ಅಮೈನೊ ಆಮ್ಲವಿರುತ್ತದೆ, ನಿನ್‌ಹೈಡ್ರಿನ್ ಅದನ್ನೂ ಬಿಡುವುದಿಲ್ಲ.

"ಈ ಸಜ್ಜನರು ಯಾರು?" ಎಂದರು ಇಲೋನಮ್ಮ.

"ನಿಮ್ಮ ಸರ್ಕಾರ" ಅಂದೆ.

ಅವರು ಬಾಗಿಲು ಮುಚ್ಚಿ ಬಂದು ನಕ್ಕರು. ಆಮೇಲೆ ಪ್ಲೇಟನ್ನು ಯಂತ್ರಕ್ಕೆ ಹಾಕಿದರು. ಲೇಪ ಏರುಪೇರಾಗಿದ್ದರೆ ಬರಿ ಬಿಳಿ ಜಾಗದಲ್ಲೂ ಪೆನ್ನು ಕುಡಿದವನಂತೆ ತೂರಾಡುತ್ತದೆ. ನನ್ನ ಪ್ಲೇಟಿನ ಮೇಲೆ ಅದು ನೇರ ಹೋಯಿತು, ಕೆರೆಯ ನೀರಿನ ಹಾಗೆ. ಇದನ್ನು ಯಾವ ಉಪಕರಣದಲ್ಲಿ ಲೇಪಿಸಿದಿರಿ ಎಂದು ಕೇಳಿದರು. ಎರಡೂ ಕೈ ಮುಂದೆ ಚಾಚಿ ತೋರಿಸಿದೆ.

ಕಲಿಯುವುದು ಬೇಕಾದಷ್ಟಿತ್ತು. ದಿನಾ ಬೆಳಗ್ಗೆ ಯಂತ್ರಕ್ಕೆ ಬಿಳಿ ಅಂದರೆ ಯಾವುದು ಎಂದು ಹೇಳಿಕೊಡಬೇಕು. ಅದಕ್ಕೆ ಬಿಳಿ ಪುಡಿಯನ್ನು ಒತ್ತಿ ಮಾಡಿದ, ರೂಪಾಯಿಗಿಂತ ತುಸು ಅಗಲದ ಬಿಲ್ಲೆಯೊಂದಿದೆ. ಅದನ್ನು ಪೆಟ್ಟಿಗೆಯಿಂದ ಇಕ್ಕಳದಲ್ಲಿ ತೆಗೆದು ಬೆಳಕಿಗೆ ಹಿಡಿದು, ಮುಳ್ಳನ್ನು ನೂರಕ್ಕೆ ನಿಲ್ಲಿಸಬೇಕು. ಆಮೇಲೆ ಪ್ಲೇಟು. ಪೆನ್ನು ಬರೆದ ಬೆಟ್ಟವನ್ನು ಕತ್ತರಿಯಲ್ಲಿ ಕತ್ತರಿಸಿ, ಆ ಕಾಗದದ ಚೂರನ್ನೇ ಸೂಕ್ಷ್ಮ ತಕ್ಕಡಿಯಲ್ಲಿ ತೂಗುತ್ತಿದ್ದರು. ಬೆಟ್ಟ ತೂಗಿದಷ್ಟು ಆಮ್ಲ. ಬೆಟ್ಟ ತೂಗಿ ಸಂಬಳ ತೆಗೆದುಕೊಂಡವನು ನಾನು ಎಂದು ಈಗಲೂ ನಂಜಪ್ಪನ ಹತ್ತಿರ ಹೇಳುತ್ತಿರುತ್ತೇನೆ.

ಯಾನೋಶಣ್ಣನ ಹಳ್ಳಿ

ಆ ಕೋಣೆಯ ಕಿಟಕಿಯ ಪಕ್ಕ ಯಾನೋಶ್ ಎಂಬ ಅರವತ್ತರ ಮನುಷ್ಯ ಕೂರುತ್ತಿದ್ದ. ಗಾಜಿನ ಸಾಮಾನು ರಿಪೇರಿ ಅವನ ಕೆಲಸ. ಮಧ್ಯಾಹ್ನ ದಪ್ಪ ರೊಟ್ಟಿಗೆ ಕೊಬ್ಬು ಸವರಿ, ಈರುಳ್ಳಿ ಇಟ್ಟು, ಮೇಲೆ ಕೆಂಪು ಮೆಣಸಿನ ಪುಡಿ ಧಾರಾಳವಾಗಿ ಉದುರಿಸಿ, ಕಿಟಕಿಯ ಬೆಳಕಿನಲ್ಲಿ ಕೂತು ತಿನ್ನುತ್ತಿದ್ದ. ಇಲ್ಲಿ ತಿನ್ನಬೇಡ ಎಂದು ಇಲೋನಮ್ಮ ದಿನಾ ಗದರುತ್ತಿದ್ದರು. ಇವತ್ತೇ ಕೊನೆ ಎಂದು ಅವನು ದಿನಾ ಹೇಳುತ್ತಿದ್ದ.

ಒಂದು ಭಾನುವಾರ ಅವನು ನನ್ನನ್ನು ತನ್ನ ಹಳ್ಳಿಗೆ ಕರೆದುಕೊಂಡು ಹೋದ. ಬಸ್ಸಿಳಿದು ನೋಡುತ್ತೇನೆ, ಮನೆಮನೆಯ ಸೂರಿನ ಕೆಳಗೂ ಕೆಂಪು ಮೆಣಸಿನಕಾಯಿಯ ಮಾಲೆಗಳು, ತೋರಣ ಕಟ್ಟಿದ ಹಾಗೆ. ನಮ್ಮ ಕಡೆ ಅಂಗಳದಲ್ಲಿ ಹರಡುತ್ತೇವೆ, ಇವರು ಗೋಡೆಗೆ ನೇತುಹಾಕುತ್ತಾರೆ, ಅಷ್ಟೇ ವ್ಯತ್ಯಾಸ. ಮನೆಯೊಳಕ್ಕೆ ಹೋಗುವಾಗ ಅವನೂ ಜೋಡು ಬಿಟ್ಟ, ನಾನೂ ಬಿಟ್ಟೆ. ಯಾರೂ ಯಾರಿಗೂ ಹೇಳಬೇಕಾಗಲಿಲ್ಲ.

ಊಟಕ್ಕೆ ಹೊಳೆಮೀನಿನ ಸಾರು. ಕೆಂಪಗೆ ಕುದಿಯುತ್ತಿತ್ತು. ಒಂದು ಚಮಚ ಬಾಯಿಗೆ ಇಟ್ಟೆ; ದೇವರಾಯಸಮುದ್ರದ ಕೆರೆ ಮೀನು ತಂದು ನಮ್ಮತ್ತೆ ಮಾಡುವ ಸಾರು ಕಣ್ಣ ಮುಂದೆ ಬಂತು. ಹುಣಿಸೆಹಣ್ಣು ಒಂದು ಇರಲಿಲ್ಲ. ಪಕ್ಕದಲ್ಲಿ ಗೋಲಿಯಂಥ ಕೆಂಪು ಮೆಣಸಿನಕಾಯಿ ಇಟ್ಟಿದ್ದರು. ಯಾನೋಶನ ತಾಯಿ, ಎಂಬತ್ತು ದಾಟಿದ ಮುದುಕಿ, ಬೇಡ ಬೇಡ ಎಂದು ಕೈಯಾಡಿಸಿತು. ಒಂದು ಕಡಿದೆ. ಇನ್ನೊಂದು ಕಡಿದೆ. ಮೂರನೆಯದಕ್ಕೆ ಕೈ ಹಾಕಿದಾಗ ಮುದುಕಿ ಎದ್ದು ಹೋಗಿ ಪಕ್ಕದ ಮನೆಯವರನ್ನು ಕರೆದುಕೊಂಡು ಬಂತು. ಅವರೆಲ್ಲ ಸಾಲಾಗಿ ನಿಂತು ನೋಡಿದರು. ನಮ್ಮ ದೇಶದ ಮರ್ಯಾದೆ ನಾಲ್ಕು ಮೆಣಸಿನಕಾಯಿಯ ಮೇಲೆ ನಿಂತಿತ್ತು. ಉಳಿಸಿದೆ. ನೀರು ಕುಡಿದದ್ದು ಬಸ್ಸಿನಲ್ಲಿ ಕೂತ ಮೇಲೆ.

ಬರುವಾಗ ಮುದುಕಿ ಆ ಮೆಣಸಿನ ಬೀಜವನ್ನು ಕಾಗದದಲ್ಲಿ ಕಟ್ಟಿ ನನ್ನ ಜೇಬಿಗೆ ತುರುಕಿತು.

ಆಯುಧಪೂಜೆ

ಹಬ್ಬದ ದಿನ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಹೋದೆ. ಆಯುಧಪೂಜೆ ಅಂದರೆ ಎಲ್ಲವನ್ನೂ ಹೊರಗೆ ತೆಗೆದು, ಒರೆಸಿ, ಸಾಲಾಗಿ ಇಡಬೇಕು. ನಮ್ಮಪ್ಪ ಸುಣ್ಣದ ಕುಂಚದಿಂದ ಹಿಡಿದು ಏಣಿಯ ತನಕ ಇಡುತ್ತಿದ್ದ. ಒಂದು ಬಿಟ್ಟರೂ ಅದು ಮುನಿಸಿಕೊಳ್ಳುತ್ತದೆ ಎನ್ನುತ್ತಿದ್ದ. ನಾನೂ ಕತ್ತರಿ, ತಕ್ಕಡಿಯ ತೂಕದ ಬಟ್ಟು, ಗಾಜಿನ ನಳಿಗೆ, ಎಲ್ಲವನ್ನೂ ಇಟ್ಟೆ. ಬಿಳಿ ಬಿಲ್ಲೆಯನ್ನೂ ಪೆಟ್ಟಿಗೆಯಿಂದ ತೆಗೆದು ಇಟ್ಟೆ. ಎಲ್ಲದಕ್ಕಿಂತ ಮೊದಲು ದುಡಿಯುವುದು ಅದು ತಾನೆ. ಕರ್ಪೂರ ಹಚ್ಚಲಿಲ್ಲ, ಅಲ್ಲಿನ ದ್ರಾವಣಗಳಿಗೆ ಬೆಂಕಿ ಆಗದು. ಯಂತ್ರದ ಮೂಲೆಗೆ ಬೊಟ್ಟಿಟ್ಟು, ಕೈ ಮುಗಿದು, ಎಲ್ಲದರ ಮೇಲೂ ಚಿಟಿಕೆ ಕುಂಕುಮ ಉದುರಿಸಿದೆ. ತೆಂಗಿನಕಾಯಿಯ ಬದಲು ಒಂದು ಸೇಬು ಇಟ್ಟೆ. ಯಾರೋ ಮೆಟ್ಟಿಲು ಹತ್ತುವ ಸದ್ದಾಯಿತು. ಗಡಿಬಿಡಿಯಲ್ಲಿ ಎಲ್ಲವನ್ನೂ ಬಟ್ಟೆಯಿಂದ ಒರೆಸಿ ಮೊದಲಿನ ಜಾಗಕ್ಕೆ ಸೇರಿಸಿದೆ. ಬಿಲ್ಲೆಯನ್ನೂ ಒರೆಸಿದೆ.

ಅವತ್ತು ಯಂತ್ರಕ್ಕೆ ಏನೋ ಆಯಿತು. ಇಷ್ಟೇ ಆಮ್ಲ ಎಂದು ಗೊತ್ತಿದ್ದು ಇಟ್ಟ ಚುಕ್ಕೆ ದೊಡ್ಡ ಬೆಟ್ಟ ಬರೆಯಿತು. ತೂಗಿದರೆ ಇರಬೇಕಾದ್ದಕ್ಕಿಂತ ಜಾಸ್ತಿ. ಎಲ್ಲ ಸೊಪ್ಪಿಗೂ ಒಂದೇ ದಿನಕ್ಕೆ ಶಕ್ತಿ ಬಂದುಬಿಟ್ಟಿತ್ತು. ಪೂಜೆಯ ಫಲ ಎಂದು ಒಂದು ಗಳಿಗೆ ನನಗೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಇಲೋನಮ್ಮ ದೀಪ ಬದಲಾಯಿಸಿದರು, ತಂತಿ ಬಿಚ್ಚಿ ಕಟ್ಟಿದರು. ಮಾರನೆಯ ದಿನವೂ ಅದೇ ಕಥೆ.

ನಾನು ಚುಕ್ಕೆಯನ್ನು ಕಣ್ಣಿನಲ್ಲಿ ನೋಡಿದೆ. ಹಿಂದಿನ ವಾರದಷ್ಟೇ ಗಾಢ, ಎಳ್ಳಷ್ಟೂ ಹೆಚ್ಚಿಲ್ಲ. ಆಮೇಲೆ ಖಾಲಿ ಪ್ಲೇಟು ಹಾಕಿದೆ. ಮುಳ್ಳು ನೂರು ದಾಟಿ ಆಚೆ ಹೋಯಿತು. ಬಿಲ್ಲೆಗಿಂತ ಪ್ಲೇಟು ಬಿಳಿಯೇ? ಸುಣ್ಣ ಹೊಡೆಯುವವನಿಗೆ ಇದು ಗೊತ್ತಿರುವ ಆಟ. ಹಳೆಯ ಗೋಡೆ ಒಂದು ದಿನ ಇದ್ದಕ್ಕಿದ್ದಂತೆ ಬೆಳ್ಳಗೆ ಕಂಡರೆ, ಅದು ಬೆಳ್ಳಗಾಗಿಲ್ಲ. ಪಕ್ಕದ ಗೋಡೆ ಮಾಸಿದೆ.

ಬಿಲ್ಲೆಯನ್ನು ಕಿಟಕಿಗೆ ಓರೆಯಾಗಿ ಹಿಡಿದೆ. ನೇರ ನೋಡಿದರೆ ಏನೂ ಇಲ್ಲ. ಓರೆಯಲ್ಲಿ, ತುಟಿಯ ಬಣ್ಣದಷ್ಟು ತೆಳ್ಳಗೆ, ಕೆಂಪು ಸವರಿತ್ತು.

ಅಷ್ಟರಲ್ಲಿ ಇಲೋನಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. ನೋಡಿದವರೇ ತಿರುಗಿ ಯಾನೋಶನ ಮೇಲೆ ತಮ್ಮ ಭಾಷೆಯಲ್ಲಿ ಮಳೆ ಸುರಿಸಿದರು. ಒಂದೇ ಮಾತು ನನಗೆ ತಿಳಿಯಿತು: ಪಾಪ್ರಿಕಾ. ಅಂದರೆ ಮೆಣಸಿನ ಪುಡಿ.

ಯಾನೋಶಣ್ಣ ತನ್ನ ರೊಟ್ಟಿ ನೋಡಿಕೊಂಡ, ಬಿಲ್ಲೆ ನೋಡಿದ, ತಲೆ ತಗ್ಗಿಸಿದ. ಅವನೂ ನಂಬಿದ್ದ. ದೊಡ್ಡವರು ಬಂದರು. ಇನ್ನು ಮೇಲೆ ನೀನು ಈ ಕೋಣೆಗೆ ಬರಬೇಡ, ಕೆಳಗಿನ ಉಗ್ರಾಣದಲ್ಲಿ ಕೂತು ಕೆಲಸ ಮಾಡು ಎಂದರು. ಅಲ್ಲಿ ಕಿಟಕಿ ಇಲ್ಲ. ನನ್ನ ಕಡೆ ತಿರುಗಿ, ತಪ್ಪು ಹಿಡಿದವನು ನೀನು, ಶುಕ್ರವಾರ ನಿನ್ನ ಕಾಗದ ಬರೆಯುತ್ತೇನೆ ಎಂದು ಬೆನ್ನು ತಟ್ಟಿದರು. ಯಾನೋಶಣ್ಣ ಕುರ್ಚಿ ಹೊತ್ತುಕೊಂಡು ಮೆಟ್ಟಿಲಿಳಿದ. ಇಳಿಯುವಾಗ ನನಗೆ ಕಣ್ಣು ಹೊಡೆದ, ನೀನೇನೂ ಬೇಜಾರು ಮಾಡಿಕೊಳ್ಳಬೇಡ ಎನ್ನುವ ಹಾಗೆ.

ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ಭೂಮಿಯ ಮೇಲೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾಗದ, ಯಂತ್ರ, ಮೇಡಂ ಮುಖದಲ್ಲಿ ನಗು, ನಂಜಪ್ಪನ ಬಾಯಿಗೆ ಬೀಗ, ಎಲ್ಲ ಶುಕ್ರವಾರಕ್ಕೆ ಸಿದ್ಧವಾಗಿತ್ತು. ಆದರೆ ಗೋಡೆಗೆ ಒರಗಿಸಿಟ್ಟಿದ್ದ ನನ್ನ ಮೊದಲ ಪ್ಲೇಟು ಕಣ್ಣಿಗೆ ಬಿತ್ತು. ಬಣ್ಣ ಮಾಸಿದ್ದರೂ ಆ ಅಧಿಕಾರಿಯ ಮೂರು ಬೆರಳು ಇನ್ನೂ ಇದ್ದವು. ಮುಟ್ಟಿದ್ದು ಒಂದಲ್ಲ ಒಂದು ಔಷಧಿಗೆ ಎದ್ದೇ ಏಳುತ್ತದೆ. ಅಲ್ಲದೆ ಯಾನೋಶಣ್ಣನ ತಾಯಿ ಕೊಟ್ಟ ಬೀಜ ನನ್ನ ಜೇಬಿನಲ್ಲೇ ಇತ್ತು.

ಬಿಲ್ಲೆ ಒತ್ತಿದ್ದು

ಮಾರನೆಯ ಬೆಳಗ್ಗೆ ದೊಡ್ಡವರ ಕೋಣೆಗೆ ಹೋದೆ. ಇಲೋನಮ್ಮನೂ ಅಲ್ಲೇ ಇದ್ದರು. ಕುಂಕುಮದ ಡಬ್ಬಿ ಮೇಜಿನ ಮೇಲಿಟ್ಟು, ಹಣೆಗೆ ಒಂದು ಬೊಟ್ಟು ಇಟ್ಟುಕೊಂಡು, "ಪಾಪ್ರಿಕಾ ಅಲ್ಲ. ಇದು. ನಾನು" ಅಂದೆ. ಅಷ್ಟು ಇಂಗ್ಲಿಷು ಸಾಕಾಯಿತು.

ಯಂತ್ರಕ್ಕೆ ಯಾಕೆ ಇಟ್ಟೆ ಎಂದು ದೊಡ್ಡವರು ಕೇಳಿದರು.

"ವರ್ಷಕ್ಕೆ ಒಂದು ದಿನ ನಾವು ಅದರಿಂದ ಕೆಲಸ ತೆಗೆಯೋದಿಲ್ಲ. ನಮಸ್ಕಾರ ಮಾಡುತ್ತೇವೆ."

"ನೀನು ಅವತ್ತು ಕೆಲಸ ತೆಗೆದೆ."

"ಹೌದು. ಅದೂ ತಪ್ಪು" ಅಂದೆ.

ಇಲೋನಮ್ಮ ಕಿಟಕಿಯ ಕಡೆ ತಿರುಗಿದರು. ಭುಜ ಕುಲುಕುತ್ತಿತ್ತು, ನಗುವೋ ಕೋಪವೋ ತಿಳಿಯಲಿಲ್ಲ. ದೊಡ್ಡವರು ನಗಲಿಲ್ಲ. ಹೊಸ ಬಿಲ್ಲೆಯನ್ನು ನೀನೇ ಒತ್ತು, ಶುಕ್ರವಾರದೊಳಗೆ ಗೊತ್ತಿರುವ ಚುಕ್ಕೆಯ ಬೆಟ್ಟ ಮೊದಲಿನ ತೂಕಕ್ಕೆ ಬಂದರೆ ಕಾಗದ, ಬರದಿದ್ದರೆ ಇಲ್ಲ ಎಂದರು. ಅವತ್ತಿನ ಹತ್ತು ಮಾತು ಅಲ್ಲಿಗೆ ಮುಗಿದವು.

ನಾನು ಮೊದಲು ಕೆಳಗಿಳಿದು ಹೋಗಿ ಯಾನೋಶಣ್ಣನ ಕುರ್ಚಿ ಹೊತ್ತು ತಂದು ಕಿಟಕಿಯ ಪಕ್ಕ ಹಾಕಿದೆ. ಅವನು ಹಿಂದೆಯೇ ಬಂದ. ನನ್ನ ಹಣೆ ನೋಡಿದ, ಡಬ್ಬಿ ಮೂಸಿದ, ವಿಷಯ ತಿಳಿದು ಕೆಮ್ಮು ಬರುವ ತನಕ ನಕ್ಕ. "ಇಪ್ಪತ್ತು ವರ್ಷ ಇಲ್ಲಿ ತಿಂದೆ. ಒಂದು ಸಲ ನಿರಪರಾಧಿ ಆದೆ" ಅಂದ.

ಮೊದಲ ಬಿಲ್ಲೆ ಒತ್ತುವಾಗಲೇ ಬಿರುಕು ಬಿಟ್ಟಿತು. ಎರಡನೆಯದು ಗಟ್ಟಿಯಾಯಿತು, ಆದರೆ ಓರೆಯಲ್ಲಿ ನೋಡಿದರೆ ರಾಗಿ ಮುದ್ದೆಯ ಮೈಯಂತೆ ಗಂಟುಗಂಟು. ಪುಡಿಯಲ್ಲೇ ದೋಷ. ಸುಣ್ಣ ನುಣ್ಣಗಾಗಬೇಕಾದರೆ ನಮ್ಮಪ್ಪ ಅಮ್ಮನ ಹಳೆಯ ಸೀರೆಯಲ್ಲಿ ಸೋಸುತ್ತಿದ್ದ. ಅಲ್ಲಿ ಕಲಿಸಿಕೊಡುವವರಿಗೆ ಉಡುಗೊರೆ ಕೊಡಲೆಂದು ರತ್ನಮ್ಮ ಒಂದು ಬಿಳಿ ರೇಷ್ಮೆ ಚೌಕ ಕಳಿಸಿದ್ದಳು, ನಮ್ಮ ಕಡೆಯದೇ ರೇಷ್ಮೆ. ಪೆಟ್ಟಿಗೆಯಿಂದ ತೆಗೆದು, ತೊಳೆದು ಒಣಗಿಸಿ, ಅದರಲ್ಲಿ ಪುಡಿ ಜಾಲಿಸಿದೆ. ಕೈಗೆ ಸಿಕ್ಕರೂ ಸಿಗದಂತೆ ಇಳಿಯಿತು. ಉಸಿರು ಬಿಗಿಹಿಡಿದು ಒತ್ತಿದೆ. ಯಾನೋಶಣ್ಣ ಒತ್ತುವ ಗಾಜಿನ ತಳವನ್ನು ತಿಕ್ಕಿ ನುಣುಪು ಮಾಡಿಕೊಟ್ಟಿದ್ದ. ಅವತ್ತು ಅವನು ರೊಟ್ಟಿ ತಿಂದದ್ದು ಹೊರಗೆ ಮರದ ಕೆಳಗೆ.

ಶುಕ್ರವಾರ ಮುಳ್ಳನ್ನು ನೂರಕ್ಕೆ ನಿಲ್ಲಿಸಿದೆ. ಖಾಲಿ ಪ್ಲೇಟು ಹಾಕಿದೆ. ಮುಳ್ಳು ನೂರರ ಈಚೆ, ತನ್ನ ಹಳೆಯ ಜಾಗದಲ್ಲಿ ನಿಂತಿತು. ಚುಕ್ಕೆ ಬರೆದ ಬೆಟ್ಟವನ್ನು ಕತ್ತರಿಸಿದೆ. ಇಲೋನಮ್ಮ ತೂಗಿದರು. ಮೊದಲ ವಾರದ ಪುಸ್ತಕ ತೆರೆದು ಪಕ್ಕದಲ್ಲಿಟ್ಟರು. ದೊಡ್ಡವರು ಎರಡೂ ಅಂಕಿಗಳ ಮೇಲೆ ಬೆರಳಿಟ್ಟು ನೋಡಿ, ಜೇಬಿನಿಂದ ಪೆನ್ನು ತೆಗೆದರು.

ರೇಷ್ಮೆ ಚೌಕವನ್ನು ಒಗೆದು ಮಡಿಸಿ ಇಲೋನಮ್ಮನ ಕೈಗೆ ಕೊಟ್ಟೆ. "ನನ್ನ ಉಡುಗೊರೆಯಲ್ಲಿ ಮೊದಲು ನೀನು ಕೆಲಸ ಮಾಡಿದೆ" ಅಂದರು. ಕತ್ತಿಗೆ ಕಟ್ಟಿಕೊಂಡರು. ಆಮೇಲೆ ಡಬ್ಬಿಯತ್ತ ಕೈ ತೋರಿಸಿ, ಯಂತ್ರದ ಹಿಂಬದಿಯ ತಗಡಿನ ಮೇಲೆ, ಬೆಳಕು ತಲುಪದ ಒಂದು ಮೂಲೆ ತೋರಿಸಿ, ಇಲ್ಲಿ ಇಡು, ಇಲ್ಲಿ ಮಾತ್ರ ಎಂದರು.

ಮತ್ತೆ ಕೋಲಾರ

ಯಂತ್ರ ಬರಲು ಎಂಟು ತಿಂಗಳು ಹಿಡಿಯಿತು. ಪೆಟ್ಟಿಗೆ ಒಡೆದಾಗ ಮೇಡಂ ನಿಂತು ನೋಡುತ್ತಿದ್ದರು. ಹಿಂಬದಿಯ ಮೂಲೆಯಲ್ಲಿ ಆ ಬೊಟ್ಟು ಹಾಗೇ ಇತ್ತು.

"ಇದೇನು ಮುನಿಶಾಮಪ್ಪ?"

"ರುಜು ಮೇಡಂ" ಅಂದೆ.

ನಂಜಪ್ಪ ಬಂದು ಬಿಲ್ಲೆಯ ಪೆಟ್ಟಿಗೆ ಮುಟ್ಟಲು ಬೆರಳು ಚಾಚಿದ. ಕೈ ಮೇಲೆ ಒಂದು ಕೊಟ್ಟೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಯಂತ್ರದ ಕೋಣೆಯ ಬೀಗದಕೈ ಒಂದು. ನಾನೇ ಒತ್ತಿದ ಬಿಳಿ ಬಿಲ್ಲೆ ಎರಡು, ಕುಂಕುಮ ಹತ್ತಿದ ಹಳೆಯ ಬಿಲ್ಲೆ ಒಂದು. ಕಟ್ಟು ಹಾಕಿಸಿದ ಕಾಗದ ಒಂದು. ಹಿತ್ತಲಿನಲ್ಲಿ ಹಂಗೇರಿಯ ಮೆಣಸಿನ ಗಿಡ ಹನ್ನೊಂದು. ಪಾಸಾದ ಕ್ಲಾಸು ಆರು.